ಒಂದೇ ಕುಕ್ಕರಿನ ಊಟ

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಸಂಜೆಯ ಬಸ್ಸಿನಲ್ಲಿ ಅನಸೂಯಾಬಾಯಿ ಕಿಟಕಿಯ ಪಕ್ಕ ಕೂತಿದ್ದರು. ಮುಂದಿನ ಸೀಟಿನಲ್ಲಿ ಅತ್ತೆ ಸೊಸೆ ಇಬ್ಬರು. ಅತ್ತೆ ಸೂಪರ್ ಮಾರ್ಕೆಟ್ಟಿಗೆ ಬಂದಿದ್ದವಳು. ಸೊಸೆ ಹೊಸದಾಗಿ ಸೇರಿದ ದವಾಖಾನೆಯಲ್ಲಿ ಆ ದಿನದ ಕೆಲಸ ಮುಗಿಸಿ ಬಂದಿದ್ದಳು.

"ನಾ ಕೆಲಸ ಬಿಡ್ತೀನ್ರಿ ಅತ್ತಿ. ಮನಿ ಮುಟ್ಟೋದ್ರಾಗ ಕತ್ತಲಾಗ್ತದ. ಆಮ್ಯಾಲ ರೊಟ್ಟಿ, ಪಲ್ಯ, ಸಾರು... ಎಲ್ಲಾರೂ ಹಸ್ಕೊಂಡು ಕೂತಿರ್ತಾರ."

"ಅಷ್ಟೆಲ್ಲಾ ಯಾಕ ಮಾಡಬೇಕು? ನಾ ಉಪ್ಪು ಹಚ್ಚಿ ಒಣಗಿಸಿಟ್ಟ ಖಂಡ ಅದ. ಬಿಸಿನೀರಾಗ ತೊಳಿ. ಬದನಿಕಾಯಿ, ಟಮಾಟಿ, ಒಂದು ಹಿಡಿ ತೊಗರಿಬ್ಯಾಳಿ ಕೂಡಿಸಿ ಕುಕ್ಕರಿಗೆ ಹಾಕು. ಸೀಟಿ ಹೊಡಿಯೋದ್ರಾಗ ನೀ ಮಾರಿ ತೊಳ್ಕೊಂಡು ಬಾ."

"ರೊಟ್ಟಿ?"

"ನಾ ಹಗಲಾಗೇ ಬಡದಿಡ್ತೀನಿ."

"ಉಳ್ಳಾಗಡ್ಡಿ ಹೆಚ್ಚೋದು, ಖಾರ ಅರಿಯೋದು?"

"ಅದಕ್ಕ ನನ್ನ ಮಗ ಇದ್ದಾನಲ್ಲ. ಕೈಗೇನು ಮೆಹಂದಿ ಹಚ್ಕೊಂಡಾನ?"

"ಅವರು ಒಪ್ಪೋದಿಲ್ರಿ."

"ಇವತ್ತು ಒಪ್ಪೋದಿಲ್ಲ. ಹೊಟ್ಟಿ ಹಸಿದ ಮ್ಯಾಲ ಒಪ್ತಾನ."

ಸೊಸೆ ಸೆರಗು ಬಾಯಿಗಿಟ್ಟು ನಕ್ಕಳು. ಮಾಂಸ ಮುಟ್ಟದ ಅನಸೂಯಾಬಾಯಿ, ಖಂಡದ ಬದಲು ಹೀರೇಕಾಯಿ ಹಾಕಿದರೆ ಹೇಗಿದ್ದೀತು ಎಂದು ಯೋಚಿಸುತ್ತಿದ್ದರು. ಅವರ ಸೊಸೆಯೂ ಶಾಲೆಯ ಕೆಲಸ ಮುಗಿಸಿ ದಣಿದು ಬಂದು ಒಲೆಯ ಮುಂದೆ ನಿಲ್ಲುತ್ತಿದ್ದಳು. ಅದನ್ನು ಅವರು ದಿನವೂ ನೋಡಿಯೂ ಸುಮ್ಮನಿದ್ದರು.

ಕಮಲಾಪುರ ಬಂತು.

"ಹಂಗಾದ್ರ ನಾಳಿ ಡ್ಯೂಟಿಗೆ ಹೋಗ್ಲೇನ್ರಿ?"

"ಹೋಗಲಾರದ ಏನ್ ಮಾಡ್ತಿ? ಇಳಿ. ಅವನಿಗೆ ಇವತ್ತಿಂದೇ ಕಲಿಸೋಣ."

ಅತ್ತೆ ಸೊಸೆಯ ಚೀಲವನ್ನೂ ತಾನೇ ಹೆಗಲಿಗೇರಿಸಿಕೊಂಡು ಮುಂದಾಗಿ ಇಳಿದಳು.