ಆರನೇ ಇನ್ನಿಂಗ್ಸ್ ಆದಮೇಲೆ ಯಾರೂ ಮಾತಾಡಬಾರದು

ಎಲ್ಲರಿಗೂ ನಮಸ್ಕಾರ. ಅಸ್ಸಲಾಮು ಅಲೈಕುಮ್. ಮುಸರ್ರತ್ ಆಂಟಿ, ಹಾದಿಯಾ, ಕುಟುಂಬದ ಬಂಧುಗಳೇ, ನಮ್ಮ ಲಿವೋನಿಯಾ ಆಫೀಸಿನ ಹಿರಿಯರೇ, ಡೆಟ್ರಾಯಿಟ್‌ನ ಆ ತುದಿ ಟ್ರಾಯ್ ಕಡೆಯಿಂದ ಬಂದಿರೋ ಕನ್ನಡದವರೇ — ಮತ್ತೆ ಕತ್ತಲಲ್ಲೇ ಎದ್ದು ಷಿಕಾಗೋದಿಂದ ಡ್ರೈವ್ ಮಾಡ್ಕೊಂಡು ಬಂದಿರೋ ನಮ್ಮ ಬೇಸ್‌ಬಾಲ್ ಗ್ರೂಪಿನವರೇ.

ನನ್ನ ಹೆಸರು ತೇಜಸ್ವಿನಿ. ಆಫೀಸಲ್ಲಿ ನಜೀರ್ ಅಂಕಲ್ ಸೀಟಿನ ಎದುರು ಸೀಟು ನನ್ನದು. ಮೈಕ್ ಹಿಡಿದು ಅಭ್ಯಾಸ ಇಲ್ಲ. ನನಗೆ ಟೈಪ್ ಮಾಡಿ ಅಭ್ಯಾಸ. ಅಲ್ಲಿ ತಪ್ಪಾದ್ರೆ ಡಿಲೀಟ್ ಮಾಡಬಹುದು. ಇಲ್ಲಿ ಆಗಲ್ಲ. ದಯವಿಟ್ಟು ಸಹಿಸ್ಕೊಳ್ಳಿ.

"ದಿವಂಗತ ಜನಾಬ್ ನಜೀರ್ ಅಹಮದ್ ಅವರು ಸರಳ ಸಜ್ಜನಿಕೆಯ ವ್ಯಕ್ತಿಯಾಗಿದ್ದರು" — ಹೀಗೆ ಬರ್ಕೊಂಡು ಬಂದಿದ್ದೆ. ಈಗ ನೋಡಿದ್ರೆ ಓದಕ್ಕಾಗ್ತಿಲ್ಲ. ಮೊದಲನೇ ಪದದಲ್ಲೇ ನಿಂತುಬಿಡುತ್ತೆ. — ಇಗೋ, ಮಡಚಿ ಇಟ್ಟೆ.

ಸರಳ, ಸರಿ. ಸಜ್ಜನಿಕೆ? ಗ್ರೂಪಲ್ಲಿ ಅವರ ಹತ್ರ ಬೈಸ್ಕೊಂಡಿರೋರು ಇಲ್ಲಿ ಎಷ್ಟು ಜನ ಇದ್ದೀರ, ನೀವೇ ಹೇಳಿ!

ಕೆಲಸಕ್ಕೆ ಸೇರಿದ ಮೊದಲನೇ ವಾರ, ಇಲ್ಲಿನ ಬೇಸ್‌ಬಾಲ್ ಟೀಮು ಟೈಗರ್ಸ್ ಟೋಪಿ ಹಾಕ್ಕೊಂಡು ಹೋಗಿದ್ದೆ. ಡೆಟ್ರಾಯಿಟ್‌ನಲ್ಲಿದೀನಿ, ಡೆಟ್ರಾಯಿಟ್ ಟೋಪಿ. ಸಹಜ ತಾನೇ? ಇವರು ಬ್ರೇಕ್ ಟೆಸ್ಟ್ ಮಾಡೋ ಲ್ಯಾಬಿಂದ ಬಂದ್ರು, ನಿಂತ್ರು, ಕನ್ನಡಕ ಹೀಗೆ ಹಣೆ ಮೇಲೆ ಏರಿಸಿದ್ರು.

"ಯಾವೂರಮ್ಮ?"

"ಮೈಸೂರು ಸರ್."

"ಮೈಸೂರಿನ ಹುಡುಗಿ ಈ ಟೋಪಿ ಹಾಕ್ಕೊಂಡು ನನ್ನ ಎದುರಿಗೆ ಕೂತ್ಕೊಳೋದಾ? ನಾನು ಶಿರಾದವನು. ಆಮೇಲೆ ಷಿಕಾಗೋ, ಡೆವನ್ ಅವೆನ್ಯೂದವನು. ಇಲ್ಲಿಗೆ ಕೆಲಸಕ್ಕೆ ಅಂತ ಬಂದೆ. ಟೀಮ್ ತಂದಿಲ್ಲ, ಅಲ್ಲೇ ಬಿಟ್ಟು ಬಂದಿದೀನಿ."

ಷಿಕಾಗೋದಲ್ಲಿ ಎರಡು ಟೀಮು, ಅವರದ್ದು ವೈಟ್ ಸಾಕ್ಸ್. ಡೆವನ್ ಸುತ್ತಮುತ್ತ ಎಲ್ಲಾ ಕಬ್ಸ್ ಕಡೆಯೋರು, ಇವರೊಬ್ಬರು ಸಾಕ್ಸ್. ಯಾಕೆ ಅಂಕಲ್ ಅಂದ್ರೆ, "ಸೋಲೋರ ಜೊತೆಗೂ ಯಾರಾದ್ರೂ ಒಬ್ಬರು ಇರಬೇಕಲ್ಲಮ್ಮ" ಅಂದ್ರು. ಆವತ್ತೇ ಸಂಜೆ ನನ್ನ ನಂಬರ್ ಗ್ರೂಪಿಗೆ ಸೇರಿಸಿದ್ರು. ಡೆವನ್‌ನಲ್ಲಿ ಒಂದು ಚಹಾ ಅಂಗಡಿಯಲ್ಲಿ ನಜೀರ್ ಅಂಕಲ್, ಅವರ ಹಳೇ ಸ್ನೇಹಿತರು ಹಯವದನ ಅಂಕಲ್, ಇಬ್ಬರೇ ಶುರು ಮಾಡಿದ್ದ ಗ್ರೂಪು. ಈಗ ಅರ್ಧ ಷಿಕಾಗೋ, ಅರ್ಧ ಡೆಟ್ರಾಯಿಟ್.

ಏನ್ ಮಾಡ್ತಿದ್ವಿ ಗ್ರೂಪಲ್ಲಿ? ಜಗಳ! ಮ್ಯಾಚ್ ನಡೀತಾ ಇರುತ್ತೆ, ಈ ಕಡೆ ನಂಬರ್ ಮೇಲೆ ನಂಬರ್. ಒಂದೇ ಒಂದು ಹೇಳ್ತೀನಿ. ಸಾಕ್ಸ್‌ನಲ್ಲಿ ಒಬ್ಬ ಬ್ಯಾಟರ್ ಇದ್ದ, ಆವರೇಜು ಟೂ-ಟೆನ್. ಅಂದ್ರೆ ಹತ್ತು ಸಲ ಬಂದ್ರೆ ಎರಡು ಸಲ ಹೊಡೀತಾನೆ. ನಾನು ಬರೆದೆ — "ಅಂಕಲ್, ನಮ್ಮಜ್ಜಿ ಊರುಗೋಲು ಹಿಡ್ಕೊಂಡು ನಿಂತ್ರೂ ಅಷ್ಟು ಬರುತ್ತೆ."

ತಕ್ಷಣ ಉತ್ತರ. "ನಿಮ್ಮಜ್ಜಿ ವಾಕ್ ಎಷ್ಟು ತಗೋತಾರೆ? ಆವರೇಜ್ ಬಿಡು, ಆನ್-ಬೇಸ್ ನೋಡು."

ವಾಕ್ ಅಂದ್ರೆ — ಇಲ್ಲಿ ಆಟ ಗೊತ್ತಿಲ್ಲದ ಆಂಟಿಯರಿದ್ದೀರ — ಬ್ಯಾಟು ಬೀಸದೆ ನಾಲ್ಕು ಕೆಟ್ಟ ಬಾಲ್ ಬಿಟ್ಟುಬಿಟ್ರೆ ಹಾಗೇ ಮೊದಲನೇ ಬೇಸಿಗೆ ನಡ್ಕೊಂಡು ಹೋಗಬಹುದು. ಆವರೇಜಲ್ಲಿ ಅದು ಲೆಕ್ಕಕ್ಕಿಲ್ಲ. ಆನ್-ಬೇಸಲ್ಲಿ ಲೆಕ್ಕಕ್ಕಿದೆ.

ನಮ್ಮ ಪ್ರಜ್ವಲ್ ಬಿಡ್ತಾನಾ? "ಭಾಯ್, ಸುಮ್ನೆ ನಿಂತ್ಕೊಳೋದೂ ಆಟನಾ? ಹಾಗಾದ್ರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲಿ ನಾನು ಚಾಂಪಿಯನ್!"

ಅಂಕಲ್ ಬರೆದಿದ್ದು ನನ್ನ ಫೋನಲ್ಲಿ ಇನ್ನೂ ಇದೆ. "ಸುಮ್ನೆ ನಿಲ್ಲೋದು ಸುಮ್ನೆ ಅಲ್ಲ ಕಣೋ. ಹೊಡೀಬಾರ್ದು ಅಂತ ಅವನೇ ತೀರ್ಮಾನ ಮಾಡಿರ್ತಾನೆ. ಅದನ್ನೂ ಲೆಕ್ಕಕ್ಕೆ ತಗೋಬೇಕು."

ಈ ಮಾತು ಸ್ವಲ್ಪ ನೆನಪಿಟ್ಕೊಳ್ಳಿ.

ಇನ್ನೊಂದು ವಿಷಯ ಹೇಳಬೇಕು. ನೋ-ಹಿಟ್ಟರ್. ಬಾಲ್ ಹಾಕೋನು ಇಡೀ ಮ್ಯಾಚಲ್ಲಿ ಎದುರು ಟೀಮಿಗೆ ಹೊಡೆದು ಬೇಸ್ ಸೇರೋ ಒಂದೇ ಒಂದು ಹಿಟ್ ಸಹ ಕೊಡದೆ ಇರೋದು. ಬಹಳ ಅಪರೂಪ. ಅದು ನಡೀತಾ ಇರುವಾಗ ಅದರ ಹೆಸರು ಎತ್ತಬಾರದು. ಮಗು ಮುದ್ದಾಗಿದೆ ಅಂದ ತಕ್ಷಣ ದೃಷ್ಟಿ ಆಗುತ್ತೆ ಅಂತೀವಲ್ಲ — ಹಾಗೆ. ಸ್ಟೇಡಿಯಂನಲ್ಲಿ ಆಟಗಾರರು ಸಹ ಅವನ ಪಕ್ಕ ಕೂತ್ಕೊಳಲ್ಲ, ಮಾತಾಡ್ಸಲ್ಲ.

ನಮ್ಮ ಗ್ರೂಪಲ್ಲೂ ರೂಲು ಇತ್ತು. ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಆರು ಮುಗಿದೂ ಹಿಟ್ ಬಂದಿಲ್ಲ ಅಂದ್ರೆ, ಅಲ್ಲಿಂದಾಚೆಗೆ ಯಾರೂ ಟೈಪ್ ಮಾಡಬಾರದು, ಫೋನಲ್ಲೂ ಮಾತಾಡಬಾರದು. ಸಾಕ್ಸ್‌ನವರೂ ಅಷ್ಟೇ, ಟೈಗರ್ಸ್‌ನವರೂ ಅಷ್ಟೇ. ಒಂದು ಸ್ಮೈಲಿ ಕೂಡ ಇಲ್ಲ. ಈ ರೂಲು ಮಾಡಿದ್ದು ಯಾರು? ನಜೀರ್ ಅಂಕಲ್ಲೇ. ಪಾಲಿಸ್ತಿದ್ದಿದ್ದೂ ಅವರೇ, ನಮ್ಮೆಲ್ಲರಿಗಿಂತ ಜಾಸ್ತಿ. ಆ ಹೊತ್ತಲ್ಲಿ ಕೂತ ಜಾಗದಿಂದ ಅಲ್ಲಾಡಲ್ಲ. ಫೋನ್ ಎತ್ತಲ್ಲ.

ಷಿಕಾಗೋ ಪಕ್ಕ ನೇಪರ್‌ವಿಲ್‌ನಲ್ಲಿ ಹಯವದನ ಅಂಕಲ್ ಮನೆ ಗೃಹಪ್ರವೇಶ. ಒಳಗೆ ಹೋಮ, ಹೊಗೆ, ಜನ. ಮುಸರ್ರತ್ ಆಂಟಿ ಒಳಗಿದ್ದಾರೆ, ಮಗಳು ಹಾದಿಯಾ ಒಳಗಿದ್ದಾಳೆ. ಇವರು? ಡ್ರೈವ್‌ವೇನಲ್ಲಿ ಕಾರೊಳಗೆ! ರೇಡಿಯೋದಲ್ಲಿ ಏಳನೇ ಇನ್ನಿಂಗ್ಸು, ಇನ್ನೂ ಒಂದೂ ಹಿಟ್ ಬಂದಿಲ್ಲ. ಮ್ಯಾಚ್ ಕೇಳಕ್ಕೆ ಅವರಿಗೆ ಕಾರ್ ರೇಡಿಯೋನೇ ಆಗಬೇಕು, ನಮ್ಮ ಫೋನಿಗಿಂತ ಅದು ಅರ್ಧ ನಿಮಿಷ ಮುಂದಿರುತ್ತೆ ಅಂತ. ಕೊನೆಗೆ ಹಯವದನ ಅಂಕಲ್ ಒಂದು ತಟ್ಟೆಯಲ್ಲಿ ಪುಳಿಯೋಗರೆ ಹಾಕ್ಕೊಂಡು ಹೋಗಿ ಕಾರಿನ ಗ್ಲಾಸು ತಟ್ಟಿದ್ರು. ಗ್ಲಾಸು ಇಷ್ಟೇ ಇಷ್ಟು ಇಳೀತು. ಒಂದು ಕೈ ಆಚೆ ಬಂತು. ತಟ್ಟೆ ತಗೊಂಡು ಒಳಗೆ ಹೋಯ್ತು. ಗ್ಲಾಸು ಏರಿತು. — ಮಾತಿಲ್ಲ!

ಆಮೇಲೆ ಹಿಟ್ ಬಿತ್ತು. ಇವರು ಕಾರಿಂದ ಇಳಿದು ಬಂದು, "ನಿನ್ನ ಪುಳಿಯೋಗರೆ ಘಾಟಿಗೆ ಹೋಯ್ತು ಕಣಯ್ಯ" ಅಂದ್ರು. ಎಷ್ಟು ನಕ್ಕಿದ್ವಿ. ವರ್ಷಗಟ್ಟಲೆ ಅದನ್ನೇ ಹೇಳ್ಕೊಂಡು ನಕ್ಕಿದ್ವಿ.

ಈಗ ನಗು ಬರ್ತಿಲ್ಲ ಅಲ್ವಾ. ನನಗೂ.

ಹೋದ ತಿಂಗಳ ಆ ಭಾನುವಾರದ ಬಗ್ಗೆ ಬೇರೆ ಬೇರೆ ಗ್ರೂಪುಗಳಲ್ಲಿ ಏನೇನೋ ಓಡಾಡ್ತಿದೆ. ಅದಕ್ಕೇ ನಡೆದಿದ್ದನ್ನ ನಡೆದ ಹಾಗೆ ಹೇಳು ಅಂತ ಮುಸರ್ರತ್ ಆಂಟಿನೇ ನನಗೆ ಹೇಳಿದ್ದಾರೆ. ಅವರ ಅಪ್ಪಣೆ ಇಲ್ದೆ ನಾನು ಒಂದು ಮಾತೂ ಆಡ್ತಿಲ್ಲ.

ಮಧ್ಯಾಹ್ನದ ಮ್ಯಾಚು. ಸಾಕ್ಸು, ಟೈಗರ್ಸು. ಅಂಕಲ್ ದಿನಸಿ ತರ್ತೀನಿ ಅಂತ ಹೋದ್ರು. ದಾರಿಯಲ್ಲಿ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದ್ರು, "ಇವತ್ತು ನಮ್ಮ ಹುಡುಗನ ಬಾಲು ನೋಡ್ತಾ ಇರಿ, ತೇಜು ಟೋಪಿ ಬಿಸಾಕ್ತಾಳೆ" ಅಂತ. ಅದೇ ಕೊನೇದು.

ಆರು ಇನ್ನಿಂಗ್ಸ್ ಮುಗೀತು. ನಮ್ಮ ಟೈಗರ್ಸ್‌ಗೆ ಒಂದೂ ಹಿಟ್ ಬಂದಿಲ್ಲ. ರೂಲಿನ ಪ್ರಕಾರ ಗ್ರೂಪ್ ಬಂದ್ ಆಯ್ತು. ಮೂವತ್ತು ನಲವತ್ತು ಜನ, ಎರಡು ಊರಲ್ಲಿ, ಫೋನ್ ಕೈಯಲ್ಲಿಟ್ಕೊಂಡು, ಒಂದಕ್ಷರ ಬರೀದೆ ಕೂತಿದ್ವಿ.

ಅಂಕಲ್ ಅಂಗಡಿಯಲ್ಲಿ ಸಾಮಾನು ತಗೊಂಡು, ಹಿಂದುಗಡೆ ಸೀಟಲ್ಲಿಟ್ಟು, ಅದೇ ಪಾರ್ಕಿಂಗ್ ಲಾಟಲ್ಲಿ ರೇಡಿಯೋ ಹಾಕ್ಕೊಂಡು ಕೂತಿದ್ರು.

ಮನೆಯಲ್ಲಿ ಆಂಟಿಗೆ ಸಮಾಧಾನ ಇಲ್ಲ. ಬೆಳಗ್ಗೆ ಇವರು ಎದೆ ಉರಿ ಅಂದಿದ್ರು. ಫೋನ್ ಮಾಡಿದ್ರು, ಎತ್ತಲಿಲ್ಲ. ಗ್ರೂಪಿನ ಐದಾರು ಜನಕ್ಕೆ ಮಾಡಿದ್ರು. ಯಾರೂ ಎತ್ತಲಿಲ್ಲ. ಯಾರ್ಯಾರಿಗೆ ಮಾಡಿದ್ರಿ ಅಂತ ನಾನು ಕೇಳಿಲ್ಲ. ಎತ್ತದೇ ಇದ್ದೋರಿಗೆ ಗೊತ್ತು. ಹಯವದನ ಅಂಕಲ್‌ಗೆ ಮಾಡಿದ್ರು. ಷಿಕಾಗೋದಲ್ಲಿದ್ದಾರೆ, ಆದ್ರೂ ಹಳೇ ಸ್ನೇಹಿತರು. ಅವರು ಎತ್ತಿದ್ರು.

"ಹಯವದನಣ್ಣ, ಇವರು ಫೋನ್ ಎತ್ತಲ್ಲ. ಗ್ರೂಪಲ್ಲಿ ಏನಾದ್ರೂ ಬರೀತಿದ್ದಾರಾ?"

"ಭಾಬಿ, ಇವತ್ತು ಗ್ರೂಪಲ್ಲಿ ಯಾರೂ ಬರೀತಿಲ್ಲ. ಅದೇ, ಆ ವಿಷಯ. ಎಲ್ಲೋ ಕಾರಲ್ಲಿ ಕೂತಿರ್ತಾನೆ ಬಿಡಿ, ಪುಳಿಯೋಗರೆ ತರ."

"ಬೆಳಗ್ಗೆ ಎದೆ ಉರಿ ಅಂತಿದ್ರು ಅಣ್ಣ."

"ಅವನ ಟೀಮ್ ಆಡೋದು ನೋಡಿದ್ರೆ ಯಾರಿಗಾದ್ರೂ ಎದೆ ಉರಿಯುತ್ತೆ ಭಾಬಿ! ಯೋಚ್ನೆ ಮಾಡಬೇಡಿ."

ಆಂಟಿ ನನಗೆ ಇದನ್ನೆಲ್ಲ ಹೇಳಿದ್ರು. ಆಮೇಲೆ ಅಂದ್ರು — "ನಾನೂ ನಕ್ಕೆ ತೇಜು. ನಕ್ಕು ಫೋನ್ ಇಟ್ಟೆ."

ಒಂಬತ್ತನೇ ಇನ್ನಿಂಗ್ಸ್. ಎರಡು ಔಟ್ ಆಗಿತ್ತು, ನೋ-ಹಿಟ್ಟರ್‌ಗೆ ಇನ್ನೊಂದೇ ಒಂದು ಔಟ್ ಬೇಕಿತ್ತು. ನಮ್ಮೋನು ಬಾಲ್‌ನ ಸುಮ್ನೆ ಮೆತ್ತಗೆ ತಳ್ಳಿದ, ಅದು ಉರುಳ್ಕೊಂಡು ಉರುಳ್ಕೊಂಡು ಇಬ್ಬರು ಫೀಲ್ಡರ್‌ಗಳ ಮಧ್ಯೆ ಹೋಗೇಬಿಡ್ತು. ಹಿಟ್. ಮುಗೀತು. ನಾವು ಅಷ್ಟು ಹೊತ್ತು ಬಾಯಿ ಮುಚ್ಕೊಂಡು ಕಾಪಾಡಿದ್ದು — ಅದೂ ಉಳೀಲಿಲ್ಲ.

ಗ್ರೂಪ್ ಸಿಡೀತು. ನಾನು ಕುಣೀತಿದೀನಿ, ಪ್ರಜ್ವಲ್ ಅಳೋ ಮುಖಗಳನ್ನ ಸಾಲಾಗಿ ಹಾಕ್ತಿದಾನೆ. ಎಲ್ಲರೂ ನಜೀರ್ ಅಂಕಲ್ ಬೈಗುಳಕ್ಕೆ ಕಾಯ್ತಿದೀವಿ. ಅವರ ರೇಡಿಯೋ ಮುಂದಲ್ವಾ, ಯಾವಾಗಲೂ ಮೊದಲನೇ ಬೈಗುಳ ಅವರದ್ದೇ. ಬರಲಿಲ್ಲ.

ಹಯವದನ ಅಂಕಲ್ ಬರೆದ್ರು: "ನಜೀರ್, ಬಾಯಿ ಬಿಡೋ."

ಸ್ವಲ್ಪ ಹೊತ್ತಾದ್ಮೇಲೆ: "ನಜೀರ್."

ಆಮೇಲೆ ಬರೀ: "ಏ."

ಹಾದಿಯಾ ಫೋನಲ್ಲಿ ಲೊಕೇಶನ್ ನೋಡಿ, ಅಮ್ಮನ್ನ ಕರ್ಕೊಂಡು ಹೋದ್ಲು. ಆ ಹೊತ್ತಲ್ಲಿ ಎಷ್ಟೋ ಜನ ಆ ಕಾರ್ ಪಕ್ಕದಲ್ಲೇ ಸಾಮಾನಿನ ಗಾಡಿ ತಳ್ಕೊಂಡು ಹೋಗಿದ್ದಾರೆ. ರೇಡಿಯೋ ಕೇಳ್ತಾ ಕೂತಿದ್ದಾರೆ ಅಂದ್ಕೊಂಡ್ರಂತೆ. ಹಾದಿಯಾ ನನಗೆ ಹೇಳಿದ್ದು ಒಂದೇ ಮಾತು: "ಹಿ ವಾಸ್ ಜಸ್ಟ್ ಸಿಟಿಂಗ್ ದೇರ್, ಅಕ್ಕ." ರೇಡಿಯೋ ಓಡ್ತಾನೇ ಇತ್ತು.

ಹಾರ್ಟ್ ಅಟ್ಯಾಕ್ ಯಾವಾಗ ಆಯ್ತು? ಏಳನೇ ಇನ್ನಿಂಗ್ಸಲ್ಲಾ, ಒಂಬತ್ತನೇದರಲ್ಲಾ? ಡಾಕ್ಟರ್ ಗೊತ್ತಿಲ್ಲ ಅಂದ್ರು. ಬೇಗ ಹೋಗಿದ್ರೆ ಉಳೀತಿದ್ರಾ? ಹೇಳಕ್ಕಾಗಲ್ಲ ಅಂದ್ರು. ಎಲ್ಲದಕ್ಕೂ ಪರ್ಸೆಂಟೇಜ್ ಕೇಳೋ ಜನ ನಾವು. ಇದಕ್ಕೆ ಸಿಗಲಿಲ್ಲ.

ನಾವು ಸುಮ್ಮನಿದ್ವಾ? ಇಲ್ಲ. ಮಣ್ಣು ಮಾಡಿ ಬಂದ ಮಾರನೇ ದಿನವೇ ಯಾರೋ ಗ್ರೂಪಲ್ಲಿ ಒಂದು ಚಾರ್ಟ್ ಹಾಕಿದ್ರು. ಎಷ್ಟು ನಿಮಿಷದೊಳಗೆ ಆಸ್ಪತ್ರೆಗೆ ಹೋದ್ರೆ ಎಷ್ಟು ಜನ ಬದುಕ್ತಾರೆ ಅಂತ. ಅವರ ಮನಸ್ಸಲ್ಲಿ ಕೆಟ್ಟದ್ದಿರಲಿಲ್ಲ. ಆದ್ರೆ ಅದರ ಕೆಳಗೆ ಇನ್ನೊಬ್ಬರು, "ಈ ಡೇಟಾ ಹಳೇದು." ಮತ್ತೊಬ್ಬರು, "ವಯಸ್ಸು ನೋಡಬೇಕು." — ಅಂಕಲ್ ಸಾವಿನ ಮೇಲೂ ನಾವು ಬ್ಯಾಟಿಂಗ್ ಆವರೇಜ್ ತರ ಜಗಳ ಆಡಿದ್ವಿ.

ಅವತ್ತು ಹಯವದನ ಅಂಕಲ್ ಗ್ರೂಪ್ ಬಿಟ್ರು. ಅವರೇ ಕಟ್ಟಿದ ಗ್ರೂಪು.

ಆಮೇಲಿಂದ ಯಾರ ಫೋನೂ ಎತ್ತಲ್ಲ. ಆಂಟಿ ಫೋನೂ ಎತ್ತಲ್ಲ. ಇವತ್ತು ಬಂದಿದ್ದಾರೆ. ಅಲ್ಲಿ, ಬಾಗಿಲ ಹತ್ರ ಕೊನೇ ಕುರ್ಚಿ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ಅಷ್ಟು ದೂರದಿಂದ ಬಂದಿದ್ದಾರೆ, ಬಾಗಿಲಿಂದ ಮುಂದಕ್ಕೆ ಬಂದಿಲ್ಲ.

ಹಯವದನ ಅಂಕಲ್, ನಿಮಗೆ ನಾನು ಹೇಳೋದು ಸಣ್ಣ ಬಾಯಲ್ಲಿ ದೊಡ್ಡ ಮಾತು. ಆ ಜೋಕು ನಿಮ್ಮೊಬ್ಬರದ್ದಲ್ಲ. ನಮ್ಮಲ್ಲಿ ಯಾರು ಫೋನ್ ಎತ್ತಿದ್ರೂ ಅದೇ ಜೋಕ್ ಹೇಳ್ತಿದ್ವಿ. ಆದ್ರೆ ನಾವು ಎತ್ತಲಿಲ್ಲ. ಸುಮ್ನೆ ಇದ್ದಿದ್ದನ್ನೂ ಲೆಕ್ಕಕ್ಕೆ ತಗೋಬೇಕು ಅಂತ ನಜೀರ್ ಅಂಕಲ್ಲೇ ಹೇಳಿದ್ರಲ್ಲ. ತಗೊಂಡ್ರೆ, ನಮ್ಮೆಲ್ಲರ ಹೆಸರ ಮುಂದೆ ಅದು ಇರುತ್ತೆ. ಅಳಿಸಕ್ಕಾಗಲ್ಲ.

ನಿನ್ನೆ ಆಂಟಿ ಮನೆಗೆ ಹೋಗಿದ್ದೆ. ಅಂಕಲ್, ನಿಮಗೆ ಏನು ಹೇಳಬೇಕು ಅಂತ ಆಂಟಿನ ಕೇಳಿದೆ. ಕ್ಷಮಿಸಿದೀನಿ ಅಂತ ಹೇಳ್ಲಾ ಆಂಟಿ ಅಂದೆ.

"ಬೇಡ" ಅಂದ್ರು. "ಅದು ದೊಡ್ಡ ಮಾತು. ನನಗಿನ್ನೂ ಗೊತ್ತಿಲ್ಲ. ಸುಳ್ಳು ಹೇಳಬೇಡ."

ಆಮೇಲೆ ಅವರೇ ಅಂದ್ರು — "ಅವತ್ತು ಅಷ್ಟು ಜನರಲ್ಲಿ ಫೋನ್ ಎತ್ತಿದ್ದು ಅವರೊಬ್ಬರೇ. ಈಗ ಅವರೂ ಎತ್ತಲ್ಲ ಅಂದ್ರೆ ನಾನು ಇವರ ವಿಷಯ ಯಾರ ಹತ್ರ ಮಾತಾಡಲಿ? ಡೆವನ್‌ನಲ್ಲಿ ಇವರು ಹೇಗಿದ್ರು ಅಂತ ನೋಡಿದೋರು ಇನ್ಯಾರಿದ್ದಾರೆ? ಬೈಯಬೇಕಾದ್ರೂ ಅವರೇ ಬೇಕು ನನಗೆ. ಫೋನ್ ಎತ್ತಕ್ಕೆ ಹೇಳು. ಅಷ್ಟೇ ಹೇಳು."

ಅಷ್ಟೇ ಹೇಳ್ತಿದೀನಿ ಅಂಕಲ್.

ಕುಟುಂಬಕ್ಕೆ ಈ ದುಃಖ ಭರಿಸೋ ಶಕ್ತಿ ಸಿಗಲಿ, ನಜೀರ್ ಅಂಕಲ್‌ಗೆ ಅಲ್ಲಾಹ್ ಜನ್ನತ್ ಕೊಡಲಿ. ಈಗ ಮೌನಾಚರಣೆ. ನಿಜ ಹೇಳಬೇಕಂದ್ರೆ, ಮೌನ ಅಂದ್ರೆ ನನಗೆ ಈಗ ಭಯ. ಆದ್ರೂ ನಿಲ್ಲೋಣ. ಒಂದೇ ಒಂದು ನಿಮಿಷ. ಅದಕ್ಕಿಂತ ಜಾಸ್ತಿ ಬೇಡ.

ಸಭೆ ಶುರುವಾದಾಗ ಎಲ್ಲರೂ ಫೋನ್ ಸೈಲೆಂಟ್‌ಗೆ ಹಾಕಿ ಅಂದಿದ್ರು. ಹಯವದನ ಅಂಕಲ್, ನೀವೊಬ್ಬರು ಸೈಲೆಂಟ್ ತೆಗೀರಿ. ಆಂಟಿ ಕೈಯಲ್ಲಿ ಫೋನಿದೆ. ಇದು ನಾನು ಹೇಳ್ಕೊಟ್ಟಿದ್ದಲ್ಲ, ಅವರೇ ಅಂದಿದ್ದು. ನಿಮಿಷ ಮುಗಿದ ತಕ್ಷಣ ಈ ಹಾಲಲ್ಲಿ ಒಂದು ಫೋನ್ ರಿಂಗ್ ಆಗುತ್ತೆ. ಯಾರೂ ಶ್ ಅನ್ನಬೇಡಿ. ಯಾರೂ ತಿರುಗಿ ನೋಡಬೇಡಿ.

ಅದನ್ನ ಎತ್ತೋವರೆಗೂ ಯಾರೂ ಕೂತ್ಕೋಬೇಡಿ.

ಎಲ್ಲರೂ ದಯವಿಟ್ಟು — ಎದ್ದು ನಿಲ್ಲಿ.