ಅಪ್ಪನ ಸ್ಟಾಂಪಿನ ಗೋಂದು

ಹಲೋ... ಯಾರು ಮಾತಾಡೋದು?...

ಯೋಗೇಂದ್ರ... ಯಾವ ಯೋಗೇಂದ್ರಪ್ಪ? ಈ ಸಿದ್ಧಾರ್ಥನಗರದಲ್ಲಿ ನಂಗೆ ಗೊತ್ತಿರೋ ಯೋಗೇಂದ್ರ ಒಬ್ನೇ, ಗ್ಯಾಸ್ ಸಿಲಿಂಡರ್ ತರೋನು. ಸಿಲಿಂಡರ್ ನಿನ್ನೆ ತಾನೇ ಬಂತಲ್ಲ...

ಓ, ತಮ್ಮ ಯೋಗೇಂದ್ರನಾ. ಬೋಗಾದಿಯವ್ನು. ನೋಡು, ಒಡಹುಟ್ಟಿದೋನ ದನೀನೇ ಮರ್ತುಹೋಗಿದೆ ನಂಗೆ. ಅಕ್ಕಂಗೆ ವಯಸ್ಸಾಯ್ತು ಅಂತ ಇಟ್ಕೋ. ನೀನು ಫೋನ್ ಮಾಡಲ್ಲ ಅಂತ ನಾನ್ಯಾಕೆ ಅನ್ಲಿ...

ಹಾಂ, ಚೆನ್ನಾಗಿದೀನಿ. ನಿಮ್ಮ ಭಾವಾನೂ ಚೆನ್ನಾಗಿದಾರೆ, ಪೇಪರ್ ಹಿಡ್ಕೊಂಡು ಕೂತಿದಾರೆ. ಶಾಲಿನಿ ಹೆಂಗಿದಾಳೆ?... ಹೂಂ. ಹೆಂಡ್ತಿ ಚೆನ್ನಾಗಿದ್ರೆ ಸರಿ. ಹೇಳು, ಏನು ವಿಷಯ...

ಏನಂದೆ?... ಇನ್ನೊಂದ್ಸಲ ಹೇಳು... ನಾಡಿದ್ದು ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ನೀನೇ ಬರ್ತೀಯಾ? ನೀನೇ?...

ಅಲ್ಲ ಕಣೋ, ನಗ್ತಿಲ್ಲ. ಅಪ್ಪ ಹೋದ್ಮೇಲೆ ಒಂದು ವರ್ಷಾನೂ ಈ ಕಡೆ ತಲೆ ಹಾಕಿಲ್ವಲ್ಲ, ಅದಕ್ಕೆ ಕೇಳ್ದೆ. ಹೋದ ವರ್ಷ ಫೋನಲ್ಲೇ ದುಡ್ಡು ಹಾಕಿ, ಕೆಳಗೆ ಒಂದು ಮೊರದ ಚಿತ್ರ ಕಳ್ಸಿದ್ದೆ. ಆ ಮೊರಾನ ದೇವ್ರ ಮುಂದೆ ಇಡೋದು ಹೆಂಗೆ? ಫೋನಿಗೇ ಅರಿಶಿನ ಕುಂಕುಮ ಹಚ್ಚಿ ಗೌರಮ್ಮನ ಪಕ್ಕ ಇಟ್ಟೆ. ನಿಮ್ಮ ಭಾವ ಬಿದ್ದೂ ಬಿದ್ದೂ ನಕ್ರು...

ಇರ್ಲಿ ಬುಡು. ಸಂತೋಷ ಆಯ್ತು ಕಣೋ, ಸುಳ್ಳು ಯಾಕೆ ಹೇಳ್ಲಿ. ತವರಿಂದ ಒಬ್ರು ಬಂದು ಮೊರ ಕೈಗೆ ಕೊಟ್ರೆ ಅದೇ ಬೇರೆ. ಒಬ್ಬಟ್ಟು ಮಾಡ್ತೀನಿ. ಶಾಲಿನೀನೂ ಕರ್ಕೊಂಡು ಬಾ. ಇಬ್ರೂ ಬಂದ್ಬುಡಿ ಕಾರಲ್ಲಿ...

ಯಾರು? ಮಾಧವ ಯಾರು?... ನಿನ್ನ ಸ್ನೇಹಿತ. ಅವರ್ಯಾಕಪ್ಪ ಬರ್ತಾರೆ ನನ್ನ ಬಾಗಿನಕ್ಕೆ?... ಏನು ನೋಡ್ಬೇಕಂತೆ?...

ಅಪ್ಪನ ಸ್ಟಾಂಪಾ?...

ಹಂಗೆ ಹೇಳು. ಸ್ಟಾಂಪಿಗೆ ಬೆಲೆ ಬರುತ್ತೆ ಅಂತ ಈ ಮಾಧವ ನಿಂಗೆ ಹೇಳಿದ್ದು ಯಾವತ್ತು?... ನಿನ್ನೆ. ಗೌರಿ ಬಾಗಿನ ನೆನಪಾಗಿದ್ದು?... ಇವತ್ತು. ಸರಿ ಸರಿ, ನಾನೇನೂ ಅನ್ಲಿಲ್ಲಪ್ಪ...

ಇದೆ ಇದೆ, ಎಲ್ಲಿಗೆ ಹೋಗುತ್ತೆ. ಲಕೋಟೆಯಿಂದ ಬಿಡ್ಸಿದ್ದು ಆಲ್ಬಮ್ಮಲ್ಲಿದೆ. ಬಳಸದೇ ಇರೋದು ಆ ಷೂ ಡಬ್ಬದಲ್ಲಿತ್ತಲ್ಲ, ಅದೂ ಇದೆ... ಹೂಂ, ಹೊಸ ಸ್ಟಾಂಪು ಬಂದ ದಿನ ಅಪ್ಪ ಆಫೀಸಿಗೆ ರಜಾ ಹಾಕಿ ಪೋಸ್ಟಾಫೀಸಲ್ಲಿ ಕ್ಯೂ ನಿಂತು ತರ್ತಿದ್ರಲ್ಲ, ಅವೇ...

ಅದರ ಬೆನ್ನಿಗೆ ಗೋಂದು ಹಂಗೇ ಇದೆಯಾ ಅಂತನಾ? ಅಕ್ಕನ ಬೆನ್ನುನೋವು ಹೆಂಗಿದೆ ಅಂತ ಇದುವರೆಗೂ ಕೇಳಿಲ್ಲ, ಸ್ಟಾಂಪಿನ ಬೆನ್ನು ಕೇಳ್ತಿದೀಯ...

ಗೋಂದು ಇಲ್ಲಪ್ಪ... ಇಲ್ಲ ಅಂದ್ರೆ ಇಲ್ಲ. ತೊಳೆದ್ಬುಟ್ಟೆ...

ಹಲೋ? ಇದೀಯಾ?...

ಕೂಗ್ಬೇಡ, ನಂಗೆ ಕಿವಿ ಚೆನ್ನಾಗೇ ಇದೆ. ಆಷಾಢದ ಮಳೇಲಿ ಬೀರು ಒಳಗೆ ಥಂಡಿ ಹಿಡ್ದು, ಒಂದಕ್ಕೊಂದು ಅಂಟ್ಕೊಂಡು ಹಲಗೆ ಆಗೋಗಿತ್ತು. ಎಳೆದ್ರೆ ಹರೀತಿತ್ತು. ಲಕೋಟೆ ಮೇಲಿನ ಸ್ಟಾಂಪು ಬಿಡ್ಸೋಕೆ ಅಪ್ಪ ಏನು ಮಾಡ್ತಿದ್ರು? ಬೇಸಿನ್ನಿಗೆ ಉಗುರುಬೆಚ್ಚಗಿನ ನೀರು ಹಾಕಿ ಅದರಲ್ಲಿ ಬಿಡ್ತಿದ್ರು, ಅಲ್ವಾ? ನಾನೂ ಹಂಗೇ ಬಿಟ್ಟೆ. ಸ್ವಲ್ಪ ಹೊತ್ತಿಗೆ ನೀರೆಲ್ಲ ಗಂಜಿ ಥರ ಲೋಳೆ ಲೋಳೆ ಆಯ್ತು. ಆಮೇಲೆ ಒಂದೊಂದಾಗಿ ಬಿಟ್ಕೊಂಡ್ವು...

ಒಣಗ್ಸಿದ್ದಾ? ನ್ಯೂಸ್ ಪೇಪರ್ ಮೇಲೆ ಬೋರಲು ಹಾಕಿ ಫ್ಯಾನ್ ಕೆಳಗೆ ಬಿಟ್ಟೆ. ಹಪ್ಪಳದ ಥರ ಸುರುಟ್ಕೊಂಡ್ವು. ಮೇಲೆ ಚಪಾತಿ ಮಣೆ ಹೇರಿದೆ. ಈಗ ಚಪ್ಪಟೆಯಾಗಿ ಇವೆ, ಹಿಂದೆ ಬೆಳ್ಳಗೆ, ಸ್ನಾನ ಮಾಡ್ಸಿದ ಮಗು ಥರ. ಕೆಂಪು ಚಿತ್ರದ್ದು ಒಂದೆರಡು ಮಾತ್ರ ಬಣ್ಣ ಬಿಟ್ವು...

ಎಲ್ಲಾನೂ ಅಂದ್ರೆ ಎಲ್ಲಾನೂ. ಬಿಡೀನೂ ನೆನೆಸ್ದೆ, ಅಪ್ಪ ಇಡಿಯಾಗಿ ತಂದಿಟ್ಟಿದ್ದ ಹಾಳೇನೂ ನೆನೆಸ್ದೆ. ಭೇದ ಮಾಡ್ಲಿಲ್ಲ...

ಮತ್ತೆ ಹೆಂಗೆ ಬಿಡ್ಸಬೇಕಿತ್ತಂತೆ?... ಮುಚ್ಚಳದ ಡಬ್ಬದಲ್ಲಿ ಒದ್ದೆ ಬಟ್ಟೆ ಇಟ್ಟು, ನೀರು ಸೋಕದ ಹಂಗೆ ಮೇಲೆ ಜಾಲರಿ ಇಟ್ಟು, ಅದರ ಮೇಲೆ ಸ್ಟಾಂಪು ಮಲಗ್ಸಿ, ಗಳಿಗೆಗೊಂದ್ಸಲ ತೆಗೆದು ನೋಡ್ತಾ ಇರ್ಬೇಕಿತ್ತಾ? ಬಾಣಂತಿಗೂ ಇಷ್ಟು ಉಪಚಾರ ಇಲ್ಲ ಕಣೋ...

ತಾಳು, ನಂಗೆ ಅರ್ಥ ಆಗ್ಲಿ. ಮುದ್ರೆ ಹೊಡ್ಸಿಕೊಂಡು ಊರೂರು ಸುತ್ತಿ ಬಂದಿರೋದನ್ನ ನೆನೆಸಿದ್ರೆ ಪರವಾಗಿಲ್ಲ. ಅದರಲ್ಲಿ ಗೋಂದು ಯಾರೂ ಹುಡುಕಲ್ಲ. ಬಳಸದೇ ಇರೋದಕ್ಕೆ ಮಾತ್ರ ನೀರು ಸೋಕಬಾರ್ದು, ಸೋಕಿದ್ರೆ ಬೆಲೆ ಬಿದ್ದುಹೋಯ್ತು. ಹಂಗಂತಾರಾ ನಿಮ್ಮ ಮಾಧವ?... ಮುಂದಿನ ಚಿತ್ರ ಅದೇ, ಅಂಚಿನ ಹಲ್ಲು ಅದೇ, ಕಾಗದ ಅದೇ. ಹಿಂದೆ ನೆಕ್ಕಿ ಅಂಟ್ಸೋ ಗೋಂದಿಗೆ ಅಷ್ಟೊಂದು ರೇಟು. ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ. ದುಡಿದು ಬಂದದ್ದಕ್ಕೆ ಬೆಲೆ ಇಲ್ಲ, ಡಬ್ಬದಲ್ಲಿ ಮಲಗಿದ್ದಕ್ಕೆ ಬೆಲೆ. ನಮ್ಮನೆ ನ್ಯಾಯಾನೇ ಅಲ್ಲೂ ಇದೆ ಅನ್ನು...

ಯಾರಿಗೆ ಅಂದ್ಕೊಂಡ್ರೆ ಅವ್ರಿಗೆ...

ಏನು ಮಾಡ್ಬೋದಂತೆ?... ಹೊಸದಾಗಿ ಗೋಂದು ಹಚ್ಚಿ, ಒಣಗ್ಸಿ, ಮೊದಲಿಂದ ಹಿಂಗೇ ಇತ್ತು ಅಂತ ಕೊಡೋದಾ? ತಗೊಳ್ಳೋರು ಕುರುಡರಾ?... ಹೊಸ ಗೋಂದು ಅಂಚಿನ ಹಲ್ಲಿನ ಸಂದಿಗೆ ಇಳಿದು ಗಟ್ಟಿ ಆಗ್ದೇ ಇದ್ರೆ ಗೊತ್ತಾಗಲ್ವಾ? ಅಷ್ಟು ಸರಿಯಾಗಿ ಗೊತ್ತಿದೆ ಅಂದ್ರೆ ನಿಮ್ಮ ಮಾಧವಂಗೆ ಇದು ಮೊದಲನೇ ಸಲ ಅಲ್ಲ ಬುಡು. ನನ್ನ ಕೈಲಿ ಅದನ್ನ ಮಾಡ್ಸಬೇಡ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ...

ಏನಂದೆ? ಅಪ್ಪನ ನೆನಪನ್ನ ಹಾಳು ಮಾಡ್ಬುಟ್ನಾ ನಾನು?...

ಪಾಲು ಮಾಡಿದ ದಿನ ಆ ಡಬ್ಬಾನ ಕಾಲಲ್ಲಿ ತಳ್ಳಿದ್ದು ಯಾರೋ? 'ಈ ಕಸಾನೆಲ್ಲ ಅಕ್ಕಂಗೆ ಕೊಡಿ, ಅಪ್ಪನ ನೆನಪಿಗೆ ಇರ್ಲಿ' ಅಂದೆ. ಕಸ ಅಂದಿದ್ದೂ ನೀನೇ, ನೆನಪು ಅಂದಿದ್ದೂ ನೀನೇ, ಒಂದೇ ಉಸಿರಲ್ಲಿ. ಆಮೇಲೆ ಹಕ್ಕು ಬಿಡುಗಡೆ ಪತ್ರ ಮುಂದಿಟ್ಟು 'ಇಲ್ಲಿ ಸೈನ್ ಮಾಡಕ್ಕ' ಅಂದೆ. ಬೋಗಾದಿ ಸೈಟು ನಿಂಗೆ, ಷೂ ಡಬ್ಬ ನಂಗೆ. ನಾನು ತುಟಿ ಪಿಟಿಕ್ ಅಂದ್ನಾ?...

ಯಾಕೆ ಅನ್ಲಿಲ್ಲ ಅಂತ ಕೇಳು. ಸೈಟು ಕೇಳಿದ್ರೆ ತವರು ಹೋಗುತ್ತೆ ಅಂದ್ಕೊಂಡೆ. ವರ್ಷಕ್ಕೊಂದ್ಸಲ ನನ್ನ ತಮ್ಮ ಬಾಗಿಲಲ್ಲಿ ನಿಂತು 'ಅಕ್ಕಾ' ಅಂದ್ರೆ ಸಾಕು, ಮಣ್ಣು ಯಾರಿಗೆ ಬೇಕು ಅಂದ್ಕೊಂಡೆ. ಅದಕ್ಕೆ ಸೈನ್ ಹಾಕ್ದೆ. ಪಕ್ಕದ್ಮನೆ ಪುಟ್ಟಲಿಂಗಮ್ಮ ಅವತ್ತೇ ಬೈದ್ರು, ನಿನ್ನಂಥ ಪೆದ್ದೀನ ನೋಡಿಲ್ಲ ಅಂತ. ನಾನು ಅವರ ಮೇಲೇ ಸಿಟ್ಟು ಮಾಡ್ಕೊಂಡೆ...

ಹೂಂ... ಹೂಂ... ನಾಡಿದ್ದು ಬರೋದು ಕಷ್ಟ ಆಗ್ಬೋದಾ?...

ಕಾರು ಸರ್ವಿಸ್‌ಗೆ ಹೋಗಿದೆಯಾ. ಆಗ್ಲೇ ಕಾರಲ್ಲಿ ಬನ್ನಿ ಅಂದಾಗ ಹೂಂ ಅಂದ್ಯಲ್ಲೋ. ನಾವು ಮಾತಾಡ್ತಿದ್ದಂಗೇ ಅದು ತಾನಾಗೇ ಎದ್ದು ಗ್ಯಾರೇಜಿಗೆ ಹೋಯ್ತಾ?... ಮನೇಗೆ ನೆಂಟ್ರು ಬೇರೆ ಬರ್ತಾರಾ. ಯಾರು?... ಶಾಲಿನಿ ಅಣ್ಣ. ಬಾಗಿನ ತಗೊಂಡು. ಹೂಂ, ಅವಳಿಗೆ ಅಣ್ಣ ಬರ್ತಾರೆ...

ಯೋಗಿ, ಇಲ್ಲಿ ಕೇಳು. ತಮಾಷೆ ಸಾಕು. ಮೊರ ಬೇಡ, ಸೀರೆ ಬೇಡ. ಸಿಟಿ ಬಸ್ಸಲ್ಲಿ ಬಾ, ಬರಿಗೈಯಲ್ಲಿ ಬಾ. ಬಂದು ಎರಡು ತುತ್ತು ಉಂಡು ಹೋಗು. ಆ ಸ್ಟಾಂಪೆಲ್ಲ ನಿಂಗೇ ಕೊಡ್ತೀನಿ, ಮಾರ್ಕೋ, ಬಿಸಾಕು, ಏನಾದ್ರೂ ಮಾಡ್ಕೋ. ನಂಗೆ ನೀನು ಬರೋದು ಬೇಕು ಕಣೋ. ಬರ್ತೀಯೋ ಇಲ್ವೋ, ಅಷ್ಟು ಹೇಳ್ಬುಡು...

ಕೇಳಿಸ್ತಿಲ್ವಾ?... ಬರ್ತೀಯಾ ಅಂತ ಕೇಳ್ದೆ... ಟವರ್ ಸಿಕ್ತಿಲ್ವಾ? ಟವರ್ ನಿಮ್ಮನೆ ಮಹಡಿ ಮೇಲೇ ಇದೆಯಲ್ಲೋ, ತಿಂಗಳು ತಿಂಗಳು ಬಾಡಿಗೆ ಬರುತ್ತೆ...

ನಿನ್ನ ಹಲೋ ಹಲೋ ನಂಗೆ ಚೆನ್ನಾಗಿ ಕೇಳಿಸ್ತಿದೆ. ಪಕ್ಕದಲ್ಲಿ ಶಾಲಿನಿ ಏನಾಯ್ತು ಅಂತ ಕೇಳಿದ್ದೂ ಕೇಳಿಸ್ತು. ನೀನು ಅವಳಿಗೆ ಹೇಳಿದ್ದೂ ಕೇಳಿಸ್ತು. 'ಹೋಗೋದೇನೂ ಬೇಡ, ಎಲ್ಲಾ ತೊಳೆದಾಕಿದಾಳೆ' ಅಂದೆ...

ಯೋಗಿ... ಕಟ್ ಮಾಡ್ಬೇಡ ಕಣೋ, ನಾನು ಇನ್ನೂ...