ಸ್ಟೆಪ್ನಿ ಅಂದಾಕಿ

...ಚಾ ಬ್ಯಾಡ ಪೂಜಾ, ನೀ ಕುಂದರು. ಹಾನಗಲ್ಲಿನಿಂದ ತಿಳವಳ್ಳಿತನಾ ಬಸ್ಸಿನ್ಯಾಗ ನಿಂತ ಬಂದೇನಿ ಖರೆ, ಆದ್ರ ನಾ ಬಂದದ್ದು ಚಾ ಕುಡ್ಯಾಕ ಅಲ್ಲ. ನಿಮ್ಮವ್ವ ಹಿತ್ತಲಕ್ಕ ಹೋದ್ರಲ್ಲ... ಚಲೋ ಆತು. ಅತ್ತಿಗಿ-ನಾದಿನಿ ಮಾತು ನಮ್ಮಿಬ್ಬರಾಗ ಇರಲಿ.

ಶರಣು ನನ್ನ ಕಳಸಿಲ್ಲ, ನಾನಾಗೇ ಬಂದೇನಿ. ನನ್ನ ತಮ್ಮ ಅಂತ ಹೇಳೂದಲ್ಲ, ಅಂವ ಸರಿಯಾಗಿ ಊಟ ಮಾಡವಲ್ಲ. ಮ್ಯಾಕ್ಸಿಕ್ಯಾಬ್ ಮನಿ ಮುಂದ ನಿಂತೈತಿ, ಹಿರೇಕೆರೂರಿನ ಬಾಡಿಗಿ ಬಂದ್ರೂ ಒಲ್ಲೆ ಅಂದ. ಮೊದಲನೇದಾಕಿ, ಶೀಲಾ, ತೀರಿಕೊಂಡಾಗ ಹಿಂಗ ಕುಂತಿದ್ದ. ಈಗ ಮತ್ತ ಹಂಗ ಕುಂತಾನ. ಮುಂಜಾನೆ ಶೀಲಾನ ಮಗಳ ತಲಿ ಹಿಕ್ಕಾಕ ಹೋದೆ. ಕೂಸು ತಲಿನ ಕೊಡಲಿಲ್ಲ. "ನೀ ಜಗ್ಗತಿ ಅತ್ತಿ, ಅವ್ವ ಜಗ್ಗೂದಿಲ್ಲ" ಅಂತು. ಅವ್ವ ಅಂದದ್ದು ನಿನಗ, ಪೂಜಾ. ...ಆ ಕಡೆ ಯಾಕ ಮಾರಿ ತಿರುವ್ತಿ?

ಆತು, ಆ ಮಾತಿಗೇ ಬರ್ತೇನಿ. ಶಿಗ್ಗಾವ್ಯಾಗ ಬಸುರಿಗೆ ಕುಬಸ ಮಾಡಿದ ಊಟಕ್ಕ ಕುಂತಾಗ ಪಂಕ್ತ್ಯಾಗ ಯಾರೋ ನಿನ್ನ 'ಸ್ಟೆಪ್ನಿ' ಅಂದ್ರು. ಹೆಣಮಕ್ಕಳೆಲ್ಲ ನಕ್ಕರು. ನೀ ಬಡಸೂದ ಬಿಟ್ಟು, ಯಾರಿಗೂ ಹೇಳದ ಬಸ್ ಹತ್ತಿ ತವರಿಗೆ ಬಂದಿ. ಇಷ್ಟ ಅಲ್ಲ ಆದದ್ದು?

ಆವತ್ತಿನಿಂದ ನನಗ ಸಮಾಧಾನ ಇಲ್ಲ. ಈ ಮಾತರ ಎಲ್ಲಿಂದ ಬಂತು ಅಂತ ಮಗನ ಕಡೆ ಮೊಬೈಲನ್ಯಾಗ ಹುಡಕಿಸಿದೆ. ...ಯಾಕ ನಗ್ತಿ? ನಗು, ನಗು. ಅದು ಮೊದಲ ಬೈಗುಳಾನ ಅಲ್ಲಂತ, ಒಂದು ಓಣಿ ಹೆಸರಂತ. ಬ್ರಿಟನ್ನಿನ್ಯಾಗ ವೇಲ್ಸ್ ಅಂತ ಸೀಮಿ ಐತಂತ, ಅಲ್ಲೊಂದು ಊರಾಗ ಸ್ಟೆಪ್ನಿ ಅನ್ನೂ ಓಣಿ. ಹಿಂದಕ ಕಾರಿನ್ಯಾಗ ಹೆಚ್ಚಿನ ಗಾಲಿ ಇಡತಿದ್ದಿಲ್ಲ. ಪಂಚರ್ ಆತಂದ್ರ ದಾರ್ಯಾಗ ಕುಂತು ರಿಪೇರಿ ಮಾಡೂದ. ಆ ಓಣಿ ಅಂಗಡ್ಯಾವರು ಅಂಥಾ ಗಾಲಿ ಮಾಡಿ ಮಾರಿದ್ರು, ಓಣಿ ಹೆಸರು ಗಾಲಿಗೆ ಬಂತು. ಈಗ ಅಲ್ಲಿ ಮಂದೀನ ಆ ಮಾತ ಬಿಟ್ಟಾರಂತ. ನಮ್ಮ ಸವಣೂರಿನ ಪಂಚರ್ ಅಂಗಡ್ಯಾಗ ನೋಡು, ಇನ್ನೂ ನಡೀತೈತಿ.

ಆಮ್ಯಾಲೆ ಯಾವ ಪುಣ್ಯಾತ್ಮನೋ ಅದನ್ನ ಗಾಲಿ ಮ್ಯಾಲಿಂದ ತಗದು ಹೆಣಮಕ್ಕಳ ಮ್ಯಾಲೆ ಹಾಕಿದ. ಇಟಗೊಂಡಾಕಿ, ಎರಡನೇದಾಕಿ... ಆ ಅರ್ಥನೂ ಮೊಬೈಲನ್ಯಾಗ ಇತ್ತು. ಮಗ ಅದನ್ನ ಜೋರಾಗಿ ಓದಲಿಲ್ಲ. ಓದು ಅಂತ ನಾನೂ ಅನ್ನಲಿಲ್ಲ.

ನೀನ ಹೇಳು, ಮಾಸೂರ ಕೆರಿ ಹಂತ್ಯಾಕ ಟೈರ್ ಒಡದ ದಿನ ಏನಾತು? ಕೂಸಿಗೆ ಜ್ವರ ಏರಿತ್ತು, ನೀ ಸೆರಗ ತೋಯಿಸಿ ಅದರ ಹಣಿಮ್ಯಾಲೆ ಇಟ್ಟಿದ್ದಿ. ಶರಣು ಸ್ಟೆಪ್ನಿ ಹಾಕಿದ, ದವಾಖಾನಿ ಮುಟ್ಟಿದ್ವಿ. ಅದು ಇರದಿದ್ರ? ಹಂಗಾದ್ರ ಅದು ಕೀಳ ಮಾತು ಹೆಂಗಾದೀತು?

...ಗೊತ್ತೈತಿ ನನಗ. ಆವತ್ತ ಗಾಲಿ ನೋಡಿ ಯಾರೂ ನಕ್ಕಿದ್ದಿಲ್ಲ.

ಅಂದಾಕಿ ನಮ್ಮ ಓಣ್ಯಾಗಿನ ಕರಿಬಸಪ್ಪನ ಹೇಂತಿ. ಶರಣುಗೂ ಹಂಗ ಹೇಳೇನಿ. ಅಂವ ಅವರ ಮನಿಗೆ ಹೋಗಿ ಜಗಳಾಡಿ ಬಂದ. ಆಕಿ, ದೇವರಾಣಿ ನಾ ಅಂದಿಲ್ಲ ಅಂತ ಅತ್ತಳಂತ. ಆಕಿ ನಾಲಿಗಿ ಮೊದಲಿಂದಾನೂ ಸಡಲ... ಯಾಕ ಹಂಗ ನೋಡ್ತಿ? ನಾ ಆಕಿ ಬಾಜೂಕನ ಕುಂತಿದ್ದೆ, ನನ್ನ ಕಿವೀಲೆ ಕೇಳೇನಿ. ...ಏನರ ಅನ್ನು. ಬೈಯೂದಿದ್ರ ಬೈ.

ಪೂಜಾ, ನಾ ಬಂದಾಗಿಂದ ನೀ ಒಂದು ಮಾತ ಕೇಳಿಲ್ಲ. ಯಾರಂದ್ರು ಅಂತ ಕೇಳಿಲ್ಲ. ಕರಿಬಸಪ್ಪನ ಹೇಂತಿ ಅಂದ್ರ, ಹೌದಾ ಅಂತನೂ ಅನ್ನಲಿಲ್ಲ...

ಆಗ ನೀ ಎಲ್ಲಿ ನಿಂತಿದ್ದಿ? ...ನನ್ನ ಬೆನ್ನ ಹಿಂದ?

ಎಲ್ಲಾರೂ ಒಂದೊಂದು ಮಾತಾಡಿ ನಗಾಕತ್ತಿದ್ರು. ನಾನೂ ಒಂದ ಆಡಿದ್ರ ನನ್ನ ಮಾತಿಗೂ ನಗ್ತಾರ... ಅಷ್ಟ ಆಸೆ ನನಗ. ಆಡಿದ ಮ್ಯಾಲೆ ಹೊಳ್ಳಿ ನೋಡಾಕ ಧೈರ್ಯ ಆಗಲಿಲ್ಲ.

ಶರಣು ದಿನಾ ಫೋನ್ ಮಾಡಾಕತ್ಯಾನ. ಅಂವಗೂ ನೀ ನನ್ನ ಹೆಸರ ಹೇಳಿಲ್ಲ. ಯಾಕ ಹೇಳಲಿಲ್ಲ? ಅಕ್ಕನ ಮಾರಿ ನೋಡೂದ ಬಿಟ್ಟಾನು ಅಂತ?

...ಅಳಬ್ಯಾಡ. ನೀ ಅತ್ರ ನಾ ಎಲ್ಲಿ ಹೋಗಲಿ.

ಶರಣುಗ ಫೋನ್ ಹಚ್ಚು, ನನ್ನ ಕೈಯಾಗ ಕೊಡು. ...ಬ್ಯಾಡ, ನೀ ಎದ್ದು ಹೊರಗ ಹೋಗಬ್ಯಾಡ. ಇಲ್ಲೇ ಕುಂದರು. ನಿನ್ನ ಮುಂದನ ಹೇಳ್ತೇನಿ.